ಕಿವಿ ಗುರುತು

ಎಲೆ ಅಡಿಕೆಯ ಪೊಟ್ಟಣವನ್ನು ಅಕ್ಕನ ಮುಂದಿಟ್ಟು ಕ್ಯಾತಪ್ಪ ಕೈ ಹಿಂದಕ್ಕೆ ಎಳೆದುಕೊಂಡ. ಕೊಲ್ಲಾಪುರಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತು ಬಿತ್ತನೆಗೆ ಕಡಲೆಕಾಯಿ ಸುಲಿಯುತ್ತಿದ್ದಳು. ಪೊಟ್ಟಣವನ್ನು ನೋಡಿದಳು, ತಮ್ಮನ ಮುಖ ನೋಡಿದಳು, ಇನ್ನೊಂದು ಕಾಯಿಯನ್ನು ಹೆಬ್ಬೆರಳಿನಲ್ಲಿ ಒತ್ತಿ ಒಡೆದಳು.

"ಏನ್ಲಾ ಇದು?"

"ಯುಗಾದಿಗೆ ನೀವು ಕೊಟ್ಟಿದ್ದ ವೀಳ್ಯ ಕಣಕ್ಕ. ವಾಪಸ್ ಕೊಡ್ತಾ ಇವ್ನಿ. ಕೆಂಚೀನ ನಿನ್ನ ಮಗನಿಗೆ ಕೊಡಕಾಗಲ್ಲ."

ತಾವರೆಕೆರೆಗೆ ಹತ್ತಿರದ ಆ ಗೊಲ್ಲರ ಹಟ್ಟಿಯಲ್ಲಿ ಅಷ್ಟು ಹೊತ್ತಿಗೆ ಗಂಡಸರೆಲ್ಲ ಕುರಿ ಹೊಡೆದುಕೊಂಡು ಹೋಗಿಯಾಗಿತ್ತು. ಕೊಲ್ಲಾಪುರಮ್ಮನ ಮಗ ಮಾರಣ್ಣ ಮಾತ್ರ ಮರಿಗಳಿಗೆ ಸೊಪ್ಪು ಕಟ್ಟುತ್ತ ಕುರಿ ಕೂಡುವ ರೊಪ್ಪದ ಬಾಗಿಲಲ್ಲಿ ನಿಂತಿದ್ದ. ಕ್ಯಾತಪ್ಪನ ಮಗಳು ಕೆಂಚಮ್ಮ ಹುಟ್ಟಿದಾಗಲೇ ಅವಳು ಇವನಿಗೆ ಎಂದು ಎರಡು ಮನೆಯವರೂ ಆಡಿಕೊಂಡಿದ್ದರು. ಆ ವರ್ಷ ಯುಗಾದಿಗೆ ಶಾಸ್ತ್ರಕ್ಕೆ ವೀಳ್ಯವೂ ಆಗಿತ್ತು.

"ಯಾಕೆ, ನನ್ನ ಮಗ ಕುಂಟನಾ, ಕುರುಡನಾ?"

"ಅವನ್ದೇನೂ ಇಲ್ಲ. ನನ್ನ ರಕ್ತ ಕೆಟ್ಟೈತೆ. ಬೆಂಗ್ಳೂರಾಗೆ ಸೂಜಿ ಹಾಕಿ ನೋಡಿದ್ರು. ಕೆಂಚಿ ನನ್ನ ಮಗಳು. ನಿನ್ನ ಮಗನೂ ಅದೇ ರಕ್ತವೇ, ನೀನೂ ನಾನೂ ಒಂದೇ ಹೊಟ್ಟೇಲಿ ಬಂದೋರು. ಎರಡೂ ಕೂಡಿದ್ರೆ ಮುಂದೆ ಹುಟ್ಟೋದು ಹೆಂಗಿರ್ತೈತೆ, ನೀನೇ ಯೋಚ್ನೆ ಮಾಡು."

ಕೊಲ್ಲಾಪುರಮ್ಮನ ಕೈ ನಿಂತಿತು. "ಅಂದ್ರೆ ನನ್ನ ರಕ್ತವೂ ಕೆಟ್ಟೈತೆ ಅಂತ ಹೇಳಕ್ಕೆ ಬಸ್ಸು ಹತ್ಕಂಡು ಬಂದೆ. ಸತ್ತೋದ ನಮ್ಮಪ್ಪಂದೂ ಕೆಟ್ಟಿತ್ತು ಅಂತ."

ಕ್ಯಾತಪ್ಪ ಪೊಟ್ಟಣವನ್ನು ಅವಳ ಕಡೆ ಇನ್ನಷ್ಟು ಸರಿಸಿದ.

ರೊಪ್ಪದ ಬಾಗಿಲಿನಿಂದ ಮಾರಣ್ಣ ಮೆಲ್ಲಗೆ ಹೇಳಿದ, "ಮಾವ, ನಾನೇನು ಟಗರಲ್ಲ."

ಯಾರೂ ನಗಲಿಲ್ಲ. ಕೊಲ್ಲಾಪುರಮ್ಮ ಸೆರಗಿನಿಂದ ಕಡಲೆ ಸಿಪ್ಪೆ ಕೊಡವಿಕೊಂಡು ಎದ್ದಳು. "ವೀಳ್ಯ ನಾನು ಕೈಯಾಗೆ ಮುಟ್ಟಲ್ಲ. ನಾನು ಮುಟ್ಟೋವರ್ಗೂ ಅದು ಮುರಿದಂಗಲ್ಲ, ನಿಂಗೂ ಗೊತ್ತು. ಆದ್ರೆ ನನ್ನ ಮಗನ್ನ ಮುದುಕನ ಮಾಡ್ಕಂಡು ಕೂರಕ್ಕೂ ಆಗಲ್ಲ. ಪಾವಗಡದ ಕಡೆ ಹೆಣ್ಣಿದಾವೆ. ಇನ್ನು ನಿನ್ನ ದಾರಿ ನೀನು ನೋಡ್ಕ."

ಅವಳು ಒಳಗೆ ಹೋದಳು. ಊಟಕ್ಕೆ ಏಳು ಎನ್ನಲಿಲ್ಲ. ಅಕ್ಕನ ಮನೆಯಿಂದ ಕ್ಯಾತಪ್ಪ ಉಣ್ಣದೆ ಹೊರಟದ್ದು ಅದೇ ಮೊದಲು.

ಕ್ಯಾತಪ್ಪನ ಕಾಯಿಲೆ ಶುರುವಾದದ್ದು ಹೊಟ್ಟೆಯ ಎಡಗಡೆ ಕೈಗೆ ಸಿಗುವಂಥ ಗಡ್ಡೆಯಿಂದ. ಜ್ವರಗಡ್ಡೆ ಎಂದು ಮಿಡಿಗೇಶಿಯ ಹತ್ತಿರದ ಅವನ ಹಟ್ಟಿಯಲ್ಲಿ ಹಿರಿಯರು ಹೇಳಿದರು. ಕಾದ ಕಬ್ಬಿಣದಲ್ಲಿ ಬರೆಯನ್ನೂ ಹಾಕಿಸಿದರು. ಬರೆ ಮಾಯಿತು, ಗಡ್ಡೆ ಬೆಳೆಯಿತು. ಪಂಚೆಯನ್ನು ಅದರ ಕೆಳಗೆ ಇಳಿಸಿ ಕಟ್ಟಿಕೊಳ್ಳಬೇಕಾಯಿತು. ಬೆಟ್ಟದ ಬುಡದವರೆಗೂ ಕುರಿ ಹಿಂದೆ ಹೋಗುತ್ತಿದ್ದವನು ಕೆರೆಯ ಏರಿ ಹತ್ತಿದರೆ ಸಾಕು, ಕೂರುತ್ತಿದ್ದ. ಮಧುಗಿರಿಯ ಡಾಕ್ಟರು ರಕ್ತ ನೋಡಿ, ಇದು ಜ್ವರದ್ದಲ್ಲ, ಬಿಳಿ ರಕ್ತಕಣ ಲೆಕ್ಕ ಮೀರಿ ಬೆಳೆದಿದೆ ಎಂದು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಚೀಟಿ ಕೊಟ್ಟರು.

ಅಲ್ಲಿ ಸೊಂಟದ ಮೂಳೆಗೆ ಸೂಜಿ ಇಳಿಸಿದರು. ಮುಂಗೈಯಿಂದ ಅವರೆಕಾಳಿನಷ್ಟು ಚರ್ಮ ಕತ್ತರಿಸಿಕೊಂಡರು. ಒಬ್ಬ ಹುಡುಗ ಡಾಕ್ಟರು ಹಾಳೆ ಹಿಡಿದು ಕೇಳುತ್ತ ಹೋದ. ನಿಮ್ಮಪ್ಪ ಹೇಗೆ ಸತ್ತರು? ನಿಮ್ಮಪ್ಪ ಅಮ್ಮ ಸಂಬಂಧಿಗಳೇ? ನಿಮ್ಮ ಹೆಂಡತಿ ಯಾರ ಮಗಳು? ಇದೇ ಕಾಯಿಲೆ ಮನೆಯಲ್ಲಿ ಇನ್ನು ಯಾರಿಗಿದೆ? ಎಲ್ಲ ರೋಗಿಗಳಿಗೂ ಕೇಳುವ ಪ್ರಶ್ನೆಗಳು ಅವು. ಆದರೆ ಹುಟ್ಟಿದಾಗಿನಿಂದ ಕುರಿ ಸಾಕಿದವನಿಗೆ ಆ ಪ್ರಶ್ನೆಗಳ ದಾರಿ ಎಲ್ಲಿಗೆ ಹೋಗುತ್ತದೆ ಎಂದು ತಾನೇ ಗೊತ್ತಾದ ಹಾಗಾಯಿತು. ಅಪ್ಪನೂ ಹೊಟ್ಟೆ ಊದಿಕೊಂಡೇ ಸತ್ತಿದ್ದ. ಮಾತ್ರೆ ಕೊಟ್ಟು, ಮೂಳೆಯ ಪರೀಕ್ಷೆ ಬರಲು ಇನ್ನೂ ಕೆಲವು ವಾರ ಆಗುತ್ತದೆ ಎಂದು ಕಳಿಸಿದರು. ಕ್ಯಾತಪ್ಪ ಅಷ್ಟು ಕಾಯಲಿಲ್ಲ.

ಹಿಂದೊಮ್ಮೆ ಅವನ ಮಂದೆಯಲ್ಲಿ ಕರಿ ಮೂತಿಯ ಒಂದು ಬೀಜದ ಟಗರಿತ್ತು. ನೋಡಿದವರು ಕಣ್ಣು ಹಾಕುವಂಥದ್ದು. ಅದರ ಮರಿಗಳು ಕೆಳದವಡೆ ಗಿಡ್ಡವಾಗಿ ಹುಟ್ಟಿದವು. ಮೊಲೆ ಹಿಡಿಯಲಾರದೆ ಸತ್ತವು. ಕ್ಯಾತಪ್ಪ ಟಗರನ್ನು ಮಾರಿದ. ಬದುಕಿದ್ದ ಅದರ ಮರಿಗಳನ್ನು ಮಾರಿದ. ಅದರ ಜೊತೆ ಹುಟ್ಟಿದ, ಯಾವ ಐಬೂ ಇಲ್ಲದ ಹೆಣ್ಣು ಕುರಿಯನ್ನೂ ಉಳಿಸಿಕೊಳ್ಳಲಿಲ್ಲ. ಆಮೇಲೆ ಮಂದೆ ಸರಿಹೋಯಿತು. ಕುರಿಗೊಂದು ನ್ಯಾಯ, ತನಗೊಂದು ನ್ಯಾಯ ಮಾಡಿಕೊಳ್ಳುವ ಜಾಯಮಾನ ಅವನದಲ್ಲ.

ವೀಳ್ಯ ಇಟ್ಟು ಬಂದ ದಿನ ಅವನ ಹೆಂಡತಿ ರಂಗಕ್ಕ ಮುದ್ದೆ ಇಟ್ಟು ಗೋಡೆಗೊರಗಿ ಕೂತಳು. ಕೆಂಚಮ್ಮ ಸಾರು ಬಡಿಸಲು ಬಂದಳು.

"ಅತ್ತೆ ಮನೆಗೆ ಹೋಗೋಕ್ಕೆ ಮುಂಚೆ ನನ್ನ ಒಂದು ಮಾತು ಕೇಳ್ಬಾರ್ದಾಗಿತ್ತಾ?"

"ಕೇಳಿದ್ರೆ ನೀನು ಬ್ಯಾಡ ಅಂತಿದ್ದೆ."

"ಅಂತಿದ್ದೆ. ಅದ್ಕೇ ಕೇಳ್ಬೇಕಾಗಿತ್ತು." ಸಾರಿನ ಸೌಟು ತಟ್ಟೆಗೆ ತಗುಲಿ ಸದ್ದಾಯಿತು. "ಬೇರೆ ಕಡೆ ನೋಡ್ತೀಯಾ? ಕೆಟ್ಟ ರಕ್ತದೋಳು ಅಂತ ನೀನೇ ಸಾರ್ಕಂಡು ಬಂದ್ಮೇಲೆ ಯಾವನು ಬತ್ತಾನೆ? ನಮ್ಮ ಗಿಡ್ಡ ದವಡೆ ಮರೀನ ಸಂತೇಗೆ ಹೊಡ್ಕಂಡು ಹೋದಂಗೆ ನನ್ನೂ ಹೊಡ್ಕಂಡು ಹೋಗು."

ರಂಗಕ್ಕ, "ಲೇ, ಉಣ್ಣೋವಾಗ ಸುಮ್ಕಿರು" ಎಂದಳು. ಕ್ಯಾತಪ್ಪ ಮುದ್ದೆ ಮುರಿದ, ನುಂಗಲಿಲ್ಲ. ಮಗಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ತಪ್ಪು ಎಲ್ಲಿ ಎಂದು ಅವನಿಗೆ ತಿಳಿಯಲಿಲ್ಲ.

ಮಿಡಿಗೇಶಿಯ ಸಂತೆಯಲ್ಲಿ ಸುದ್ದಿ ಸಿಕ್ಕಿತು: ಮಾರಣ್ಣನನ್ನು ಕರೆದುಕೊಂಡು ಕೊಲ್ಲಾಪುರಮ್ಮ ಪಾವಗಡದ ಕಡೆ ಹೆಣ್ಣು ನೋಡಿ ಬಂದಿದ್ದಾಳೆ, ಮುಂದಿನ ಸೋಮವಾರ ಅವರು ಗಂಡಿನ ಮನೆ ನೋಡಲು ಬರುತ್ತಾರೆ. ಅದರ ಹಿಂದಿನ ಶುಕ್ರವಾರ ಬೆಂಗಳೂರಿಗೆ ಹೋಗಬೇಕಿತ್ತು. ಕೆಂಚಮ್ಮ ತಲೆ ಬಾಚಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಬಸ್ಸಿನ ಹೊತ್ತಿಗೆ ಸರಿಯಾಗಿ ರಸ್ತೆಯಲ್ಲಿ ನಿಂತಿದ್ದಳು.

"ನೀನ್ಯಾಕೆ?" ಎಂದ ಕ್ಯಾತಪ್ಪ.

"ನೀನು ಡಾಕ್ಟ್ರು ಕೇಳಿದ್ಕೆಲ್ಲ ಹೂಂ ಅಂತೀಯ. ನೀನಾಗಿ ಒಂದೂ ಕೇಳಲ್ಲ. ಕೇಳೋದು ನಂಗೈತೆ."

ದೊಡ್ಡಾಸ್ಪತ್ರೆಯಲ್ಲಿ ಈ ಸಲ ಸಿಕ್ಕಿದ್ದು ನಡುವಯಸ್ಸಿನ ಡಾಕ್ಟರಮ್ಮ. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು, ಕ್ಯಾತಪ್ಪನನ್ನು ಮಂಚದ ಮೇಲೆ ಮಲಗಿಸಿ ಹೊಟ್ಟೆ ಒತ್ತಿದರು. ಬರೆಯ ಕಲೆಗಳ ಮೇಲೆ ಅವರ ಬೆರಳು ಒಂದು ಗಳಿಗೆ ನಿಂತಿತು. "ಗಡ್ಡೆ ಇಳೀತಾ ಇದೆ. ಮಾತ್ರೆ ಹಿಡಿದಿದೆ" ಎಂದರು. ಆಮೇಲೆ ಮೇಜಿನ ಮೇಲೆ ಒಂದು ಫೋಟೋ ಇಟ್ಟು ಇಬ್ಬರನ್ನೂ ಹತ್ತಿರ ಕರೆದರು.

ಕಪ್ಪು ಹುಳುಗಳಂಥ ಸಣ್ಣ ಸಣ್ಣ ತುಂಡುಗಳನ್ನು ಕತ್ತರಿಸಿ, ಜೋಡಿ ಮಾಡಿ, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಅಂಟಿಸಿದ್ದರು.

"ಇವನ್ನ ಕ್ರೋಮೋಸೋಮ್ ಅಂತಾರೆ. ನಮ್ಮ ಮೈಯ ಒಂದೊಂದು ಕಣದಲ್ಲೂ ಇರುತ್ತವೆ. ಅಪ್ಪ ಕೊಟ್ಟಿದ್ದೊಂದು, ಅಮ್ಮ ಕೊಟ್ಟಿದ್ದೊಂದು, ಹೀಗೆ ಜೋಡಿ. ಇಲ್ಲಿ ಕೊನೆ ಸಾಲು ನೋಡಿ ಕ್ಯಾತಪ್ಪನವರೇ. ಈ ಜೋಡಿಯಲ್ಲಿ ಒಂದು ಗಿಡ್ಡ ಇದೆಯಲ್ಲ? ಅದರ ತುದಿ ಮುರಿದು ಇನ್ನೊಂದಕ್ಕೆ ಹೋಗಿ ಅಂಟಿಕೊಂಡಿದೆ. ಇದೇ ನಿಮ್ಮ ಕಾಯಿಲೆಯ ಗುರುತು."

ಗಿಡ್ಡ ಎಂದೊಡನೆ ಕ್ಯಾತಪ್ಪನಿಗೆ ಸತ್ತ ಮರಿಗಳ ಬಾಯಿ ಕಣ್ಣಿಗೆ ಕಟ್ಟಿತು. ಅಪ್ಪ ಕೊಟ್ಟಿದ್ದು ಎಂದೂ ಅವರೇ ಹೇಳಿದರಲ್ಲ. ಎಲ್ಲ ತಾನು ಅಂದುಕೊಂಡ ಹಾಗೇ ಇದೆ. ಅವನು ತಲೆ ತಗ್ಗಿಸಿ, "ಆಯ್ತು ತಾಯಿ" ಎಂದ.

"ಆಯ್ತು ಅಂದರೆ? ಒಳ್ಳೆ ಸುದ್ದಿ ಹೇಳ್ತಾ ಇದ್ದೀನಿ. ಈ ಗುರುತು ಇರೋರಿಗೆ ಮಾತ್ರೆ ಚೆನ್ನಾಗಿ ಹಿಡಿಯುತ್ತೆ. ಇದೇ ಕಾಯಿಲೆ ಬಂದು ಈ ಗುರುತು ಇಲ್ಲದೋರಿದ್ದಾರೆ, ನಮಗೆ ಕಷ್ಟ ಅವರದ್ದೇ. ಪೂರ್ತಿ ವಾಸಿ ಮಾಡ್ತೀನಿ ಅಂತ ನಾನು ಸುಳ್ಳು ಹೇಳೋಲ್ಲ. ಆದರೆ ವರ್ಷಗಟ್ಟಲೆ ಓಡಾಡಿಕೊಂಡು ಇರಬಹುದು. ಎಷ್ಟು ಅಂತ ಕೇಳಬೇಡಿ. ಮೂರು ನಾಲ್ಕು ವರ್ಷ ಇದ್ದೋರನ್ನ ಕಂಡಿದ್ದೀನಿ, ಹತ್ತು ವರ್ಷ ಇದ್ದೋರನ್ನೂ ಕಂಡಿದ್ದೀನಿ."

ಕ್ಯಾತಪ್ಪ ಎದ್ದು ಕೈ ಮುಗಿದ. ಕೆಂಚಮ್ಮ ಏಳಲಿಲ್ಲ.

"ಡಾಕ್ಟ್ರಮ್ಮ, ಒಂದು ಮಾತು. ಇದು ಬಣ್ಣದಂಗಾ, ಕಿವಿ ಗುರುತಿನಂಗಾ?"

ಡಾಕ್ಟರಮ್ಮ ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡರು. "ಅರ್ಥ ಆಗಲಿಲ್ಲಮ್ಮ."

"ನಮ್ಮದು ಕುರಿ. ಕರಿ ಟಗರಿಗೆ ಕರಿ ಮರಿ ಹುಟ್ತವೆ, ಅದು ಬಣ್ಣ. ಕಿವಿ ಗುರುತು ಅಂದ್ರೆ ಮಂದೆ ಬೆರ್ತೋದ್ರೆ ಗೊತ್ತಾಗ್ಲಿ ಅಂತ ಮರಿ ಕಿವಿ ಕೊಯ್ದು ಒಂದೊಂದು ಮನೆಯೋರು ಒಂದೊಂದು ತರ ಹಾಕ್ತೀವಿ. ಅದು ಆ ಕುರಿ ಸಾಯೋವರ್ಗೂ ಇರ್ತೈತೆ, ಆದ್ರೆ ಅದರ ಹೊಟ್ಟೇಲಿ ಬರೋ ಮರಿಗಿರಲ್ಲ. ಮರಿ ಕಿವಿ ಪೂರಾ ಇರ್ತೈತೆ. ನಮ್ಮಪ್ಪಂದು ಯಾವ್ದು?"

ಡಾಕ್ಟರಮ್ಮನ ಮುಖ ಮೆಲ್ಲಗೆ ಅರಳಿತು.

"ಕಿವಿ ಗುರುತು" ಎಂದರು. "ನೀನು ಹೇಳಿದ್ದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಇದು ನಿಮ್ಮಪ್ಪ ಹುಟ್ಟಿದಾಗ ಇರಲಿಲ್ಲ. ಈಚೆಗೆ ಮೂಳೆಯೊಳಗಿನ ಯಾವುದೋ ಒಂದು ಕಣದಲ್ಲಿ ಆದದ್ದು."

ಕ್ಯಾತಪ್ಪ ನಿಂತೇ ಇದ್ದ. "ತಾಯಿ, ನನ್ನ ಸಮಾಧಾನಕ್ಕೆ ಹೇಳ್ಬ್ಯಾಡಿ. ನಾನು ಮಗಳ ಮದುವೆ ಮುರ್ದು ಬಂದಿವ್ನಿ."

"ಯಾರು ಮುರಿಯೋಕೆ ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ಹೋದ ಸಲ ಇಲ್ಲಿ ಅಪ್ಪನ್ನ ಕೇಳಿದ್ರು, ಹೆಂಡ್ತೀನ ಕೇಳಿದ್ರು. ನಮ್ಮಪ್ಪನೂ ಇಂಗೇ ಹೊಟ್ಟೆ ಊದಿ ಹೋದ."

ಡಾಕ್ಟರಮ್ಮ ಲಕೋಟೆಯಿಂದ ಇನ್ನೊಂದು ಫೋಟೋ ತೆಗೆದು ಮೊದಲಿನದರ ಪಕ್ಕ ಇಟ್ಟರು. "ನಿಮ್ಮ ತಂದೆ ಕಾಲದಲ್ಲಿ ಆ ಕಡೆ ಮಲೇರಿಯಾ ಕಾಟ. ಅದರಲ್ಲೂ ಹೊಟ್ಟೆ ಹಾಗೇ ಊದುತ್ತೆ. ಅವರದ್ದು ಏನಿತ್ತೋ ನಾನು ನೋಡಿಲ್ಲ, ನಿಮ್ಮದು ನೋಡಿದ್ದೀನಿ. ಕೈಯಿಂದ ಚರ್ಮ ತಗೊಂಡರಲ್ಲ, ಇದು ಅದರದ್ದು. ಅದೇ ಜೋಡಿ ನೋಡಿ. ಅದರಲ್ಲಿ ಯಾವುದಾದರೂ ಗಿಡ್ಡ ಇದೆಯೇ? ಅಪ್ಪನಿಂದ ಬಂದಿದ್ದರೆ ಚರ್ಮದಲ್ಲೂ ಇರಬೇಕಿತ್ತು."

ಕ್ಯಾತಪ್ಪ ಬಗ್ಗಿದ. ಆ ಫೋಟೋ, ಈ ಫೋಟೋ. ಬೆಟ್ಟದ ಇಳಿಜಾರಿನಲ್ಲಿ ಬೆರೆತ ಮಂದೆಯಿಂದ ತನ್ನ ಕುರಿಯನ್ನು ಆರಿಸುವ ಕಣ್ಣು ಅದು. ಜೋಡಿಗಳ ಮೇಲೆ ಒಂದೊಂದಾಗಿ ಬೆರಳಿಟ್ಟುಕೊಂಡು ಹೋದ. ಚರ್ಮದ ಫೋಟೋದಲ್ಲಿ ಆ ಜೋಡಿಯ ಎರಡೂ ಸಮವಾಗಿದ್ದವು. ಹೊರಗೆ ಕಾಯುತ್ತಿದ್ದವರು ಬಾಗಿಲು ತಳ್ಳಿ ಇಣುಕಿದರು. ಡಾಕ್ಟರಮ್ಮ ಕೈ ಅಡ್ಡ ಹಿಡಿದು ಅವರನ್ನು ನಿಲ್ಲಿಸಿದರು. ಅವನು ಇನ್ನೊಂದು ಸಲ ನೋಡಿದ.

"ಪೂರಾ ಐತೆ" ಎಂದ.

ಹೊರಗೆ ಬಂದು ಚಿತ್ರದುರ್ಗದ ಬಸ್ಸು ಹತ್ತಿದರು. ತುಮಕೂರಿನಲ್ಲಿ ಇಳಿದು ಮಧುಗಿರಿಯ ಬಸ್ಸು ಹಿಡಿಯುವುದು ವಾಡಿಕೆ. ತುಮಕೂರು ಬಂದಾಗ ಕ್ಯಾತಪ್ಪ ಎದ್ದ. ಕೆಂಚಮ್ಮ ಕಿಟಕಿಯ ಸರಳು ಹಿಡಿದುಕೊಂಡು ಕೂತೇ ಇದ್ದಳು.

"ಏಳವ್ವ."

"ನಾನು ಇಳಿಯಲ್ಲ. ಈ ಬಸ್ಸು ಸಿರಾ ಮೇಲೆ ತಾವರೆಕೆರೆಗೆ ಹೋಗ್ತೈತೆ."

"ಇವತ್ತೇನಾ? ನಿಮ್ಮವ್ವನಿಗೆ ಹೇಳಿಲ್ಲ. ಹಿರಿಯರ್ನ ಕರ್ಕಂಡು ನಾಳಿದ್ದು..."

"ವೀಳ್ಯ ವಾಪಸ್ ಇಡಕ್ಕೆ ಹಿರಿಯರ್ನ ಕರ್ಕಂಡು ಹೋಗಿದ್ಯಾ? ಒಬ್ನೇ ಹೋಗಿದ್ದೆ ತಾನೇ?"

ಕಂಡಕ್ಟರು ಬಂದು ನಿಂತ. "ಇಳಿಯೋರು ಇಳೀರಿ. ಅಪ್ಪ ಮಗಳ ಪಂಚಾಯ್ತಿ ಬಸ್‌ಸ್ಟ್ಯಾಂಡಲ್ಲಿ ಮಾಡ್ಕಳಿ."

"ತಾವರೆಕೆರೆಗೆ ಎರಡು ಟಿಕೀಟು ಕೊಡಪ್ಪ" ಎಂದಳು ಕೆಂಚಮ್ಮ.

"ಯಾರಜ್ಜ ಯಜಮಾನ್ರು, ನೀನಾ ಅವಳಾ?"

ಕ್ಯಾತಪ್ಪ ಮತ್ತೆ ಕೂತ. "ಅವಳೇ" ಎಂದು ಒಳಜೇಬಿಗೆ ಕೈ ಹಾಕಿದ.

ಹಟ್ಟಿ ಮುಟ್ಟುವ ಹೊತ್ತಿಗೆ ಮಂದೆಗಳು ಮೇಯ್ದು ತಿರುಗಿ ಬರುತ್ತಿದ್ದವು. ಧೂಳಿನಲ್ಲಿ ಮರಿಗಳ ಕೂಗು, ತಾಯಿಗಳ ಕೂಗು. ಕೊಲ್ಲಾಪುರಮ್ಮ ರೊಪ್ಪದ ಬಾಗಿಲಲ್ಲಿ ನಿಂತು ಬರುವ ಕುರಿಗಳ ಬೆನ್ನು ತಟ್ಟಿ ಒಳಗೆ ಬಿಡುತ್ತಿದ್ದಳು. ತಮ್ಮನನ್ನು ನೋಡಿದರೂ ನೋಡದ ಹಾಗೆ ಇದ್ದಳು. ಸೊಸೆಯಾಗಬೇಕಿದ್ದವಳಿಗೆ ಮಾತ್ರ, "ನಿಂತೇ ಇದೀಯಲ್ಲ, ನೀರು ಕುಡಿ ಹೋಗು" ಎಂದಳು.

"ಅಕ್ಕ" ಎಂದ ಕ್ಯಾತಪ್ಪ. "ಪಾವಗಡದೋರು ಬತ್ತಾರಂತೆ."

"ಬತ್ತಾರೆ. ಹೆಣ್ಣು ಚೆನ್ನಾಗೈತೆ. ಅಚ್ಚ ತೆಲುಗು ಮಾತಾಡ್ತಾಳೆ. ನನ್ನ ಮಗ ಅಲ್ಲಿ ಬಾಯಿ ಬಿಡ್ಲೇ ಇಲ್ಲ, ಮೂಗ ಅನ್ಕಂಡ್ರೋ ಏನೋ. ಮೂಗನಾದ್ರೂ ಅಡ್ಡಿಲ್ಲ, ರಕ್ತ ಕೆಟ್ಟೋನು ಅಂತ ಯಾರೂ ಅನ್ಲಿಲ್ಲ."

ಕುರಿಗಳ ಹಿಂದೆ ಬಂದ ಮಾರಣ್ಣ ಹೆಗಲ ಮೇಲಿನ ಮರಿಯನ್ನು ಇಳಿಸದೆ ಅಲ್ಲೇ ನಿಂತುಬಿಟ್ಟ.

ಕ್ಯಾತಪ್ಪ ಬಸ್ಸಿನಲ್ಲಿ ಉರುಹೊಡೆದುಕೊಂಡು ಬಂದಿದ್ದ ಡಾಕ್ಟರಮ್ಮನ ಮಾತುಗಳನ್ನು ಹೇಳಲು ಶುರು ಮಾಡಿದ. ಮೈಯ ಕಣ ಅಂದ, ಜೋಡಿ ಅಂದ, ತುದಿ ಮುರಿದು ಅಂಟಿಕೊಂಡದ್ದು ಅಂದ. ಚರ್ಮ ಎಂದವನು ಮೂಳೆ ಎಂದ. ಯಾವುದರಲ್ಲಿ ಇತ್ತು, ಯಾವುದರಲ್ಲಿ ಇರಲಿಲ್ಲ ಎಂದು ತಪ್ಪಿತು. ಕೊಲ್ಲಾಪುರಮ್ಮ ಕುರಿ ತಟ್ಟುತ್ತಲೇ ಇದ್ದಳು. ಕೊನೆಗೆ ಅವನು ಮಗಳ ಕಡೆ ನೋಡಿದ. ಅವಳು, ನೀನೇ ಹೇಳು ಎನ್ನುವ ಹಾಗೆ ಗದ್ದ ಎತ್ತಿದಳು.

"ಕಿವಿ ಗುರುತಂತೆ ಕಣಕ್ಕ" ಎಂದ ಕ್ಯಾತಪ್ಪ. "ಬಣ್ಣ ಅಲ್ವಂತೆ."

ಕೊಲ್ಲಾಪುರಮ್ಮನ ಕೈ ಒಂದು ಕುರಿಯ ಬೆನ್ನ ಮೇಲೆ ನಿಂತಿತು. ಅವಳು ರೊಪ್ಪದೊಳಗೆ ಹೋದಳು. ತಿರುಗಿ ಬಂದಾಗ ಒಂದು ಮುದಿ ಕುರಿಯನ್ನು ಕತ್ತು ಹಿಡಿದು ಎಳೆದುಕೊಂಡು ಬಂದಿದ್ದಳು. ಹಲ್ಲು ಸವೆದ, ಉಣ್ಣೆ ಉದುರಿದ ಕುರಿ. ಅದರ ಎಡಗಿವಿಯ ತುದಿಯಲ್ಲಿ ಅರ್ಧ ಚಂದ್ರದ ಹಾಗೆ ಕೊಯ್ದ ಗುರುತು. ಕ್ಯಾತಪ್ಪನಿಗೆ ನೋಡಿದೊಡನೆ ತಿಳಿಯಿತು. ಅದು ಅಪ್ಪನ ಗುರುತು, ಈಗ ತನ್ನ ಮಂದೆಯ ಗುರುತು. ಅಪ್ಪ ಸಾಯುವ ಮೊದಲು ಮಗಳಿಗೆಂದು ಹೊಡೆದು ಕೊಟ್ಟಿದ್ದ ಕುರಿಗಳಲ್ಲಿ ಉಳಿದಿದ್ದ ಒಂದೇ ಕುರಿ.

"ತವರಿಂದ ಬಂದಿದ್ದು ಇದು. ಆ ಕಡೆ ನೋಡು, ಇದರ ಮಕ್ಕಳು, ಮೊಮ್ಮಕ್ಕಳು. ಒಂದಾದ್ರೂ ನಮ್ಮಪ್ಪನ ಗುರುತು ಇಟ್ಕಂಡು ಹುಟ್ತೇನ್ಲಾ? ಎಲ್ಲಾ ಪೂರಾ ಕಿವೀಲಿ ಹುಟ್ಟಿದ್ವು. ನಮ್ಮನೆ ಗುರುತು ಹಾಕಿದ್ದು ನಾನು, ಈ ಕೈಯಾಗೆ." ಅವಳು ಕುರಿಯ ಕಿವಿಯನ್ನು ತಮ್ಮನ ಕಡೆ ತಿರುಗಿಸಿ ಹಿಡಿದಳು. "ಇಷ್ಟು ತಿಳಿಯಕ್ಕೆ ಬೆಂಗ್ಳೂರಿಗೆ ಹೋಗ್ಬೇಕಿತ್ತೇನ್ಲಾ ಕ್ಯಾತ?"

"ಗುರುತೋ ಬಣ್ಣವೋ ತಿಳಿಯಕ್ಕೆ ಹೋಗ್ಬೇಕಿತ್ತು ಅಕ್ಕ. ಮೈ ಒಳಗೆ ನೋಡೋರು ಅವರೇ."

"ಮತ್ತೆ ನೀನು? ನಿನ್ನ ಗತಿ?"

"ಮಾತ್ರೆ ಹಿಡಿಯೋ ಗುರುತಂತೆ. ಅದಿಲ್ದೋರಿಗೇ ಕಷ್ಟವಂತೆ. ಮೂರೋ ನಾಕೋ ವರ್ಷ, ಹತ್ತೋ. ಬರ್ದು ಕೊಡ್ಲಿಲ್ಲ."

"ನಂಗ್ಯಾರು ಬರ್ದು ಕೊಟ್ಟವ್ರೆ?" ಎಂದಳು ಕೊಲ್ಲಾಪುರಮ್ಮ. ಕುರಿಯನ್ನು ಬಿಟ್ಟು, ಕೈ ಕೊಡವಿಕೊಂಡು, ಜಗಲಿಯ ಮೇಲಿನ ಸೂರಿನ ಸಂದಿಯಿಂದ ಏನನ್ನೋ ಕೋಲಿನಲ್ಲಿ ತಳ್ಳಿ ಕೆಳಗೆ ಬೀಳಿಸಿದಳು. ಆ ದಿನದ ಪೊಟ್ಟಣ. ಎಲೆ ಒಣಗಿ ಪುಡಿಯಾಗಿತ್ತು, ಅಡಿಕೆ ಹಾಗೇ ಇತ್ತು. "ನಾನು ಕೈಯಾಗೆ ಮುಟ್ಟಿಲ್ಲ. ಈ ಮಾರಣ್ಣನೇ ಕೋಲಿನಾಗೆ ಸಿಗಿಸಿ ಮೇಲಿಟ್ಟಿದ್ದ. ತಂದೋನು ನೀನು, ತಗಂಡು ಹೋಗಿ ಜೇಬಿನಾಗಿಟ್ಕ. ಪಾವಗಡದೋರಿಗೆ ಏನು ಹೇಳೋದು ಅಂತ ನಾನು ನೋಡ್ಕಂತೀನಿ."

"ನಂಗೆ ತೆಲುಗು ಬರಲ್ಲ ಅಂತ ಹೇಳ್ಬುಡವ್ವ" ಎಂದ ಮಾರಣ್ಣ.

ಈ ಸಲ ಮೊದಲು ನಕ್ಕವಳು ಕೆಂಚಮ್ಮ. ಕೊಲ್ಲಾಪುರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕ್ಯಾತಪ್ಪ ಬಗ್ಗಿ ಪೊಟ್ಟಣ ಎತ್ತಿಕೊಂಡ. ಬಗ್ಗುವಾಗ ಹೊಟ್ಟೆಯ ಗಡ್ಡೆ ಮೊದಲಿನಷ್ಟು ಅಡ್ಡ ಬರಲಿಲ್ಲ ಎಂಬುದು ಆಮೇಲೆ ಅವನ ಗಮನಕ್ಕೆ ಬಂತು. ಅಂದು ಅಕ್ಕನ ಮನೆಯಲ್ಲಿ ಎರಡು ಮುದ್ದೆ ಉಂಡ.

ಕಾರ್ತಿಕದಲ್ಲಿ ಮದುವೆಯಾಯಿತು. ತಿಂಗಳಿಗೊಮ್ಮೆ ಮಧುಗಿರಿಯಲ್ಲಿ ರಕ್ತ ಕೊಟ್ಟು, ಡಾಕ್ಟರು ಹೇಳಿದಂತೆ ಮಾತ್ರೆ ಹೆಚ್ಚು ಕಡಿಮೆ ಮಾಡಿಕೊಂಡು ಕ್ಯಾತಪ್ಪ ಮಂದೆಯ ಹಿಂದೆ ನಡೆದ. ಪಂಚೆಯ ಗಂಟು ಮೊದಲಿನ ಜಾಗಕ್ಕೆ ಬಂತು. ಕೆಂಚಮ್ಮ ಬಾಣಂತನಕ್ಕೆ ತವರಿಗೆ ಬಂದಾಗ, ಸೂತಕ ಕಳೆಯುವವರೆಗೆ ತಾಯಿ ಮಗು ಇರಬೇಕಾದ ಹಟ್ಟಿಯ ಹೊರಗಿನ ಗುಡಿಸಲಿಗೆ ಗಾಳಿ ಹೊಗದ ಹಾಗೆ ತಾನೇ ಮೇಲೆ ಹತ್ತಿ ಎರಡು ಪಟ್ಟು ಹುಲ್ಲು ಹೊದಿಸಿದ. ಕೆಳಗೆ ನಿಂತು ಹುಲ್ಲಿನ ಕಟ್ಟು ಎಸೆಯುತ್ತಿದ್ದ ರಂಗಕ್ಕ, "ಇಳಿಯೋ ಮಾರಾಯ, ಕಣ್ಣಾಗ್ತೈತೆ" ಎಂದು ಗೊಣಗಿದಳು.

ತಾಯಿ ಮಗು ಹಟ್ಟಿಯೊಳಗೆ ಬಂದ ದಿನ ರೊಪ್ಪದಲ್ಲಿ ಮರಿಗಳಿಗೆ ಗುರುತು ಹಾಕುವ ಕೆಲಸ ನಡೆದಿತ್ತು. ಕ್ಯಾತಪ್ಪ ಮರಿಯನ್ನು ತೊಡೆಯ ನಡುವೆ ಇರುಕಿ, ಎಡಗಿವಿಯ ತುದಿಯನ್ನು ಬಾಗಿದ ಸಣ್ಣ ಚೂರಿಯಲ್ಲಿ ಅರ್ಧ ಚಂದ್ರದ ಹಾಗೆ ಕೊಯ್ದು, ಗಾಯಕ್ಕೆ ಅರಿಸಿನ ಒತ್ತಿ ಬಿಡುತ್ತಿದ್ದ. ಮರಿಗಳು ತಲೆ ಕೊಡವಿಕೊಂಡು ತಾಯಂದಿರ ಕಡೆ ಓಡುತ್ತಿದ್ದವು. ಮಗಳು ಬೇಲಿಯ ಆಚೆ ಬಂದು ನಿಂತದ್ದು ಕಂಡು ಅವನು ಚೂರಿಯನ್ನು ಕಲ್ಲಿನ ಮೇಲಿಟ್ಟ. ಬಾನಿಯಲ್ಲಿ ಕೈ ತೊಳೆದ, ಪಂಚೆಗೆ ಒರೆಸಿದ, ಸಾಲದೆಂಬಂತೆ ಇನ್ನೊಮ್ಮೆ ತೊಳೆದ.

ಮಗು ಕಣ್ಣು ಬಿಟ್ಟುಕೊಂಡಿತ್ತು. ಕ್ಯಾತಪ್ಪ ಅರಿಸಿನ ಬಿಡದ ಹೆಬ್ಬೆರಳು ತೋರುಬೆರಳಿನ ನಡುವೆ ಅದರ ಎಡಗಿವಿಯನ್ನು ಹಿಡಿದು, ಮೇಲಿನ ಅಂಚಿನಿಂದ ಕೆಳಗಿನ ಹಾಲೆಯವರೆಗೆ ಮೆಲ್ಲಗೆ ಸವರಿಕೊಂಡು ಬಂದ. ಆಮೇಲೆ ಬಲಗಿವಿ. ಅವನು ಇನ್ನಷ್ಟು ಬಗ್ಗಿದಾಗ ಮಗು ಕೈ ಚಾಚಿ ಅಜ್ಜನ ಕಿವಿಯನ್ನೇ ಮುಷ್ಟಿಯಲ್ಲಿ ಹಿಡಿದುಕೊಂಡಿತು. ಬಿಡಿಸಿಕೊಳ್ಳದೆ ಅವನು ಬೇಲಿಯ ಮೇಲೆ ಹಾಗೆಯೇ ಬಗ್ಗಿ ನಿಂತ.